ಚಂಡಮಾರುತದ ಗಾಳಿ ಜೋರಾದಷ್ಟೂ ಮಳೆ ಜೋರೇ? ಕಡಲಲ್ಲೇ ಸಾಗಿಹೋದರೂ ಕಾರವಾರಕ್ಕೆ ಇಷ್ಟು ಮಳೆ ಏಕೆ?

ಗಾಳಿಯ ವೇಗಕ್ಕೂ ನಮ್ಮ ಅಂಗಳಕ್ಕೆ ಬೀಳುವ ಮಳೆಗೂ ನೇರ ಲೆಕ್ಕವಿಲ್ಲ. ಗಂಟೆಗೆ 150 ಕಿ.ಮೀ. ಗಾಳಿಯ ಚಂಡಮಾರುತ ಬೇಗ ದಾಟಿಹೋಗಬಹುದು. ಬರೀ ವಾಯುಭಾರ ಕುಸಿತ ಒಂದೇ ಕಡೆ ಠಿಕಾಣಿ ಹೂಡಿ ಹೊಳೆ ಉಕ್ಕಿಸಬಹುದು.

ನಮ್ಮ ಕರಾವಳಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಗಾಳಿಯ ದಿಕ್ಕು. ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಕೇಂದ್ರ ಕಾರವಾರಕ್ಕೆ ನೈಋತ್ಯದಲ್ಲಿದ್ದಾಗ ನಮಗೆ ಸಿಗುವುದು ಆಗ್ನೇಯದಿಂದ, ನೆಲದ ಮೇಲಿಂದ ಬರುವ ಗಾಳಿ. ಅದು ಉತ್ತರಕ್ಕೆ ಸರಿದು ವಾಯವ್ಯಕ್ಕೆ ಬಂತೆನ್ನಿ, ಗಾಳಿ ನೈಋತ್ಯದಿಂದ ಬೀಸತೊಡಗಿ, ಕಡಲ ತೇವವನ್ನೆಲ್ಲ ಹೊತ್ತು ತಂದು ಘಟ್ಟಕ್ಕೆ ಬಡಿಯುತ್ತದೆ. ಮೇಲೇರಿ ತಣಿಯುತ್ತದೆ, ಸುರಿಯುತ್ತದೆ. "ಹೋಯ್ತಲ್ಲ ಸೈಕ್ಲೋನು" ಎಂದು ದೋಣಿಯವರು ಸಮಾಧಾನಪಡುವ ಹೊತ್ತಿಗೇ ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಮಳೆ ಹಿಡಿಯುವುದುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ. ತೋಯ್ದದ್ದು ಮಾತ್ರ ದಾರಿಯುದ್ದದ ನಮ್ಮ ತೀರವೂ.

ಇನ್ನೊಂದು ಸಂಗತಿ ಸುದ್ದಿವಾಹಿನಿಗಳಲ್ಲಿ ಕೇಳಿಬರುವುದೇ ಕಡಿಮೆ: ಸುಮಾರು 1.5 ಕಿ.ಮೀ. ಎತ್ತರದ ಗಾಳಿಗೂ 12 ಕಿ.ಮೀ. ಎತ್ತರದ ಗಾಳಿಗೂ ಇರುವ ವ್ಯತ್ಯಾಸ. ಅದು ಹೆಚ್ಚಿದ್ದರೆ ಚಂಡಮಾರುತ ಓರೆಯಾಗುತ್ತದೆ, ಮಳೆ ಸುತ್ತಲೂ ಸಮನಾಗಿ ಹಂಚದೆ ಒಂದು ಮಗ್ಗುಲಿಗೆ ಸೇರುತ್ತದೆ. ಮೇಲಿನ ಗಾಳಿ ಹೆಚ್ಚಾಗಿ ತಳ್ಳುವ ದಿಕ್ಕಿಗೆ ಮುಖಮಾಡಿ ನಿಂತರೆ, ಆ ಮಗ್ಗುಲು ಸಾಮಾನ್ಯವಾಗಿ ಎದುರಿನ ಎಡಭಾಗ. ವ್ಯತ್ಯಾಸ ವಿಪರೀತವಾದರೆ ಚಂಡಮಾರುತವೇ ಬಲಗುಂದುತ್ತದೆ. ಜುಲೈ–ಆಗಸ್ಟಿನಲ್ಲಿ ಅರಬ್ಬಿ ಸಮುದ್ರದ ಮೇಲೆ ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ. ಹಾಗಾಗಿ ಮಳೆಗಾಲದ ನಟ್ಟನಡುವೆ ಇಲ್ಲಿ ಚಂಡಮಾರುತ ಹುಟ್ಟುವುದೇ ಅಪರೂಪ.