ಪ್ರತಿ ರೀಟೆಸ್ಟ್‌ನಲ್ಲೂ ಅದೇ ತಪ್ಪು

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಹುಡುಗಿಯನ್ನು ಇಲ್ಲಿ ಕಾವ್ಯ ಎಂದು ಕರೆಯುತ್ತೇನೆ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಅಪ್ಪ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ತೋಟದ ಕ್ವಾರ್ಟರ್ಸ್‌ನಲ್ಲೇ ವಾಸ.

ಅವಳಿಗೆ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಡಾಕ್ಟರ್ ನೋಡಿದರು, ಸ್ಕ್ಯಾನಿಂಗ್ ಆಯಿತು, ತೊಂದರೆ ಏನೂ ಕಾಣಲಿಲ್ಲ. ನೋವು ಬರುವುದು ಗಣಿತದ ರೀಟೆಸ್ಟ್ ಇರುವ ದಿನ ಮಾತ್ರ ಎಂದು ಕಂಡುಹಿಡಿದದ್ದು ಅಮ್ಮ. "ಮೇಡಂ, ಇವಳು ನಾಟಕ ಮಾಡ್ತಾಳಾ, ನಿಜವಾಗಿಯೂ ನೋವಾ?" ಎಂದು ಕೇಳಿದರು. ನೋವು ನಿಜವೇ. ಭಯವಾದಾಗ ಹೊಟ್ಟೆ ಹಿಂಡುತ್ತದೆ. ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ನಾಟಕ ಎಂಬ ಮಾತನ್ನು ಅವಳೆದುರು ಇನ್ನು ಆಡಬೇಡಿ ಎಂದು ಮೊದಲು ಹೇಳಿದೆ.

ಸ್ಕೂಲಿನ ನಿಯಮ ಹೀಗಿತ್ತು. ಪಾಠ ಮುಗಿದ ಕೂಡಲೇ 20 ಅಂಕದ ಘಟಕ ಪರೀಕ್ಷೆ. 12ಕ್ಕಿಂತ ಕಡಿಮೆ ಬಂದವರಿಗೆ ಮಾರನೇ ದಿನ ಸಂಜೆ ರೀಟೆಸ್ಟ್. ಅದರಲ್ಲೂ ಬರದಿದ್ದರೆ ಮತ್ತೆ ರೀಟೆಸ್ಟ್, 12 ದಾಟುವ ತನಕ. ಇದರ ಹಿಂದೆ ಮಗು ಕಲಿಯಲಿ ಎಂಬ ಆಸೆಯೇ ಇತ್ತು. ಆದರೆ ಸಂಜೆ ಉಳಿದರೆ ಕಾವ್ಯಳ ಬಸ್ಸು ತಪ್ಪುತ್ತದೆ. ಮುಂದಿನ ಬಸ್ಸಿನಿಂದ ಇಳಿಯುವಾಗ ಕತ್ತಲು. ಅಲ್ಲಿಂದ ಕ್ವಾರ್ಟರ್ಸ್ ತನಕ ತೋಟದ ದಾರಿ. ಆ ಭಾಗದಲ್ಲಿ ಕಾಡಾನೆ ಯಾವಾಗ ಎಲ್ಲಿ ಎದುರಾಗುತ್ತದೋ ಹೇಳಲಾಗದು ಎಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಅಪ್ಪ ಕೆಲಸ ಬಿಟ್ಟು ಬೈಕ್ ತರಬೇಕು. ಲೆಕ್ಕ ತಪ್ಪಾದರೆ ಮನೆಯವರೆಲ್ಲ ಕಷ್ಟಪಡಬೇಕು ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ನಾನು ಉತ್ತರ ಪತ್ರಿಕೆಗಳನ್ನು ತರಲು ಹೇಳಿದೆ. ವರ್ಗ ಸಮೀಕರಣದ ಪಾಠ. ಅಂಕ 9, 8, 10, 9. ಪ್ರತಿಯೊಂದರಲ್ಲೂ x = (−b ± √(b² − 4ac)) / 2a ಎಂಬ ಸೂತ್ರ ಸರಿಯಾಗಿ ಬರೆದಿದ್ದಾಳೆ. ಆಮೇಲೆ x² − 5x + 6 = 0 ಎಂಬಂಥ ಲೆಕ್ಕ ಬಂದರೆ −b ಇರುವ ಕಡೆ −5 ಎಂದೇ ಬರೆದುಬಿಡುತ್ತಾಳೆ. ಅಲ್ಲಿ b ಅಂದರೆ x ಜೊತೆಗಿರುವ ಸಂಖ್ಯೆ, ಚಿಹ್ನೆಯೂ ಸೇರಿ −5, ಆದ್ದರಿಂದ −b ಅಂದರೆ +5 ಆಗಬೇಕು. ಉತ್ತರ 2 ಮತ್ತು 3 ಬರುವ ಬದಲು −2 ಮತ್ತು −3 ಬರುತ್ತದೆ. ಇದೊಂದೇ ತಪ್ಪು, ಎಲ್ಲ ಪತ್ರಿಕೆಗಳಲ್ಲೂ. ಪಕ್ಕದಲ್ಲಿ ಕೆಂಪು ಗೀಟು ಮತ್ತು ಸೊನ್ನೆ, ಅಷ್ಟೇ. ಅವಳಿಗೆ ಗಣಿತವೇ ಬರುವುದಿಲ್ಲ ಎಂದು ಮನೆಯಲ್ಲೂ ಸ್ಕೂಲಲ್ಲೂ ತೀರ್ಮಾನವಾಗಿತ್ತು. ಅವಳೂ ಅದನ್ನು ನಂಬಿದ್ದಳು.

ನನಗೆ ಬೇಸರವಾಗುವುದು ಇಲ್ಲಿಯೇ. ಎರಡು ಪರೀಕ್ಷೆಗಳ ಮಧ್ಯೆ ಕಲಿಸುವುದು ನಡೆಯದಿದ್ದರೆ ಎರಡನೆಯದರಿಂದ ಏನು ಪ್ರಯೋಜನ? ಅಪ್ಪನಿಗೆ ಅವರ ಕೆಲಸದಿಂದಲೇ ಹೇಳಿದೆ. ತೋಟದ ಮಣ್ಣು ಪರೀಕ್ಷೆ ಮಾಡಿಸುತ್ತೀರಿ, ಹುಳಿ ಜಾಸ್ತಿ ಎಂದು ವರದಿ ಬರುತ್ತದೆ. ಸುಣ್ಣ ಹಾಕದೆ ಮಾರನೇ ದಿನ ಮತ್ತೆ ಮಣ್ಣು ಕಳಿಸುತ್ತೀರಾ? ಅವರು ತಕ್ಷಣ ತಲೆಯಾಡಿಸಿದರು.

ಕಾವ್ಯಳೊಬ್ಬಳನ್ನೇ ಕೂರಿಸಿ ಮಾತಾಡಿದೆ. ಬದುಕೇ ಬೇಡ ಅನ್ನಿಸಿದ್ದುಂಟಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದಳು. ಪರೀಕ್ಷೆಯ ಭಯ ಎಂದು ಬರುವ ಯಾವ ಮಗುವಿಗೂ ಈ ಪ್ರಶ್ನೆ ಬಿಡಬಾರದು. ಹೌದು ಎಂದರೆ ಮನೆಯವರು ಮಗುವನ್ನು ಒಂಟಿಯಾಗಿ ಬಿಡಬಾರದು, ತಕ್ಷಣ ಸಹಾಯ ಪಡೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಹಗಲು ರಾತ್ರಿ ಇದೆ, ಉಚಿತ.

ಆಮೇಲೆ ಪತ್ರಿಕೆ ಬಿಡಿಸಿಟ್ಟು, ಸರಿಯಾದ ಹೆಜ್ಜೆಗೆಲ್ಲ ಟಿಕ್ ಹಾಕು ಎಂದೆ. ತನ್ನ ಪತ್ರಿಕೆಯಲ್ಲಿ ಇಷ್ಟೊಂದು ಸರಿ ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಲು ಹೇಳಿದೆ. −2 ಹಾಕಿದರೆ 4 + 10 + 6, ಒಟ್ಟು 20. ಸೊನ್ನೆ ಬರಲಿಲ್ಲ. "ಅಂದ್ರೆ ತಪ್ಪು ಅಂತ ನಾನೇ ಕಂಡುಹಿಡೀಬಹುದಾ ಮಿಸ್?" ಎಂದಳು. ಹೌದು, ಪರೀಕ್ಷೆಯ ಕೋಣೆಯಲ್ಲಿ ಕೂತೇ ಕಂಡುಹಿಡಿಯಬಹುದು.

ಅವಳಿಗೆ ಕೊಟ್ಟ ಸಲಹೆ: ಒಂದು ತೆಳ್ಳಗಿನ ನೋಟ್‌ಬುಕ್ ಇಡು. ತಪ್ಪಾದ ಪ್ರತಿ ಲೆಕ್ಕಕ್ಕೂ ಎಲ್ಲಿ ತಪ್ಪಿತು ಎಂದು ಒಂದು ಸಾಲು ಬರೆ. ಅಂಥದ್ದೇ ಎರಡು ಹೊಸ ಲೆಕ್ಕ ಮಾಡು. ಹೊಟ್ಟೆ ಹಿಂಡಿದರೆ ಉಸಿರನ್ನು ನಿಧಾನ ಹೊರಗೆ ಬಿಡು, ಗೊತ್ತಿರುವ ಲೆಕ್ಕದಿಂದ ಶುರು ಮಾಡು.

ಅಮ್ಮ ರಾತ್ರಿ ತನಕ ಪಕ್ಕದಲ್ಲಿ ಕೂತು ನೋಟ್ಸ್ ಓದಿಸುತ್ತಿದ್ದರು. ಅವರಿಗೆ ಒಂದು ಪ್ರಯೋಗದ ಬಗ್ಗೆ ಹೇಳಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ಬರೆದವರಿಗೆ ಶೇ. 56ರಷ್ಟು. ಪರೀಕ್ಷೆ ಅಂದರೆ ಬರೀ ಅಳೆಯುವುದಲ್ಲ, ಅದರಿಂದಲೇ ಕಲಿಕೆ ಗಟ್ಟಿಯಾಗುತ್ತದೆ. ಹಾಗಾಗಿ ಓದಿಸುವ ಹೊತ್ತನ್ನು ಅರ್ಧಕ್ಕೆ ಇಳಿಸಿ, ಪುಸ್ತಕ ಮುಚ್ಚಿ ಬರೆಯಲಿ, ಹತ್ತು ಗಂಟೆಗೆ ಮಲಗಲಿ ಎಂದೆ. ಅಂಕ ಎಷ್ಟು ಎಂದು ಕೇಳುವ ಬದಲು ಇವತ್ತು ಯಾವ ತಪ್ಪು ಸಿಕ್ಕಿತು ಎಂದು ಕೇಳಿ.

ಮನೆಯವರ ಒಪ್ಪಿಗೆ ಪಡೆದು ಗಣಿತದ ಸರ್ ಹತ್ತಿರವೂ ಮಾತಾಡಿದೆ. ಅವರ ಕಷ್ಟವೂ ಸಣ್ಣದಲ್ಲ. ಜುಲೈ ಮಳೆಗೆ ರಜೆಯ ಮೇಲೆ ರಜೆ, ಹೋದ ಪಾಠಗಳನ್ನು ಆಮೇಲೆ ಓಡಿಸಬೇಕು. "ಮೇಡಂ, ರೀಟೆಸ್ಟ್ ಸುಲಭ ಮಾಡಿದರೆ ಮೊದಲ ಸಲ ಯಾರೂ ಓದಲ್ಲ. ಹೇಗೂ ಇನ್ನೊಂದಿದೆ ಅಂತಾರೆ" ಎಂದರು. ಈ ಮಾತಿನಲ್ಲಿ ನಿಜವಿದೆ. ಅದಕ್ಕೆ ನನ್ನ ಉತ್ತರ ಇಷ್ಟೇ: ರೀಟೆಸ್ಟ್ ಸುಮ್ನೆ ಸಿಗಬಾರದು. ತಿದ್ದಿದ ಲೆಕ್ಕಗಳ ನೋಟ್‌ಬುಕ್ ತೋರಿಸಿದವರಿಗೆ ಮಾತ್ರ ಸಿಗಲಿ. ಆಗ ಸೋಮಾರಿತನಕ್ಕೆ ದಾರಿ ಇಲ್ಲ, ಕಷ್ಟಪಟ್ಟ ಮಗುವಿಗೆ ಬಾಗಿಲು ತೆರೆದಿರುತ್ತದೆ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲೇ ಹೇಳಿದ್ದು ಈ ಕ್ರಮವನ್ನೇ. ಮೊದಲು ಪರೀಕ್ಷೆ, ನಂತರ ಎಡವಿದ ಜಾಗಕ್ಕೆ ಬೇರೆ ರೀತಿಯಲ್ಲಿ ಪಾಠ, ಆಮೇಲೆ ಇನ್ನೊಂದು ಪರೀಕ್ಷೆ. ನಮ್ಮಲ್ಲಿ ಮಧ್ಯದ ಭಾಗವೇ ಬಿದ್ದುಹೋಗುತ್ತದೆ, ಅಲ್ವಾ?

ರೀಟೆಸ್ಟನ್ನು ಮಾರನೇ ದಿನದ ಬದಲು ಒಂದು ವಾರ ಬಿಟ್ಟು ಇಡಿ ಎಂದೆ. ಇಡೀ ಪತ್ರಿಕೆ ಬೇಡ, ತಪ್ಪಿದ ಬಗೆಯ ನಾಲ್ಕೈದು ಲೆಕ್ಕ ಸಾಕು. ತಿದ್ದುವ ಕೆಲಸವೂ ಕಡಿಮೆಯಾಗುತ್ತದೆ. ಸಂಜೆ ಬೇಡ, ಊಟದ ಬಿಡುವಿನಲ್ಲೋ ಗಣಿತದ ಪೀರಿಯಡ್‌ನ ಕೊನೆಗೋ ಆಗಲಿ. ಎರಡು ಸಲವೂ ಆಗದಿದ್ದರೆ ಮೂರನೇ ರೀಟೆಸ್ಟ್ ಬದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಮಾಡಿಸಿ. ಯಾವ ಅಂಕ ಬರೆದುಕೊಳ್ಳಲಿ ಎಂದು ಕೇಳಿದರು. ಘಟಕ ಪರೀಕ್ಷೆ ಕಲಿಯುವುದಕ್ಕೆ ಇರುವಂಥದ್ದು, ಎರಡನೆಯದನ್ನೇ ಬರೆದುಕೊಳ್ಳಿ ಎಂದೆ. ಈಗ ಮಗು ಕಲಿತಿರುವುದು ಅಷ್ಟು. ಸರ್ ಸಂಜೆಯ ರೀಟೆಸ್ಟ್ ನಿಲ್ಲಿಸಿದರು, ನೋಟ್‌ಬುಕ್ಕಿನ ನಿಯಮ ಇಡೀ ಕ್ಲಾಸಿಗೆ ತಂದರು. ವಾರದ ಗ್ಯಾಪ್ ಎಲ್ಲ ಪಾಠಕ್ಕೂ ಆಗುವುದಿಲ್ಲ ಎಂದರು. ಅದೂ ಸರಿಯೇ. ಕಾವ್ಯಳಿಗೆ ಈಗ ಹೊಟ್ಟೆನೋವು ಅಪರೂಪ. ಹೊಸ ಪಾಠದ ಟೆಸ್ಟ್‌ನಲ್ಲಿ 13 ಬಂತು, ಇನ್ನೂ ಅವಸರದಲ್ಲಿ ಚಿಹ್ನೆ ತಪ್ಪಿಸುವುದುಂಟು.

ಕೊನೆಗೆ ಅಪ್ಪ ಇನ್ನೊಂದು ಪ್ರಶ್ನೆ ಇಟ್ಟರು. 2024ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ಬಂದಿದೆ, ಜಾಸ್ತಿ ಬಂದ ಅಂಕ ಉಳಿಯುತ್ತದೆ. "ಹಾಗಾದ್ರೆ ಪರೀಕ್ಷೆ-1 ಬಿಟ್ಟು, ತಯಾರಾಗಿ ಪರೀಕ್ಷೆ-2 ಬರೆಯಲಿ ಅಲ್ವಾ ಮೇಡಂ?" ಬೇಡ ಎಂದೆ. ಭಯವನ್ನು ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಪಿಯುಸಿ ಸೇರುವುದಕ್ಕೂ ತಡವಾಗಬಹುದು. ಪರೀಕ್ಷೆ-1 ಬರೆಯಲಿ. ಅಂಕ ಸಾಲದು ಅನ್ನಿಸಿದರೆ ಮೊದಲು ಪರೀಕ್ಷಾ ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ. ಸರ್ ಜೊತೆ ಕೂತು ತಪ್ಪುಗಳನ್ನು ಆ ನೋಟ್‌ಬುಕ್ಕಿಗೆ ಬರೆದುಕೊಳ್ಳಲಿ. ಪರೀಕ್ಷೆ-2 ಆಮೇಲೆ.