ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಈಗಷ್ಟೇ ತಿಳಿದಿದೆ. ಇದನ್ನು ಎದುರಿಸುವುದು ಹೇಗೆ, ಆಸರೆ ಎಲ್ಲಿ ಸಿಗುತ್ತದೆ?

ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಂಡಿದೆ, ಅದು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ, ಸ್ಕ್ಯಾನ್ ಇನ್ನೂ ಆಗಬೇಕಿದೆ, ಸಂಗಾತಿಯ ಹೊರತು ಯಾರಿಗೂ ಹೇಳಿಲ್ಲ, ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಿ. ಮಕ್ಕಳಿಗೆ ಹೇಗೆ ಹೇಳಲಿ ಎಂದೂ ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯನ್ನು ಹಾದುಬಂದವನು. ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳದಲ್ಲಿದ್ದ ಗಡ್ಡೆಗೆ ಶಸ್ತ್ರಚಿಕಿತ್ಸೆ, ಕೆಲವು ತಿಂಗಳ ಮಟ್ಟಿಗೆ ಮಲ ಸಂಗ್ರಹಿಸಲು ಹೊಟ್ಟೆಯ ಮೇಲೆ ಚೀಲ, ಬಳಿಕ ಕೀಮೋಥೆರಪಿ ಎಲ್ಲವೂ ಆಗಿ ಈಗ ನಿಯಮಿತ ತಪಾಸಣೆಯಲ್ಲಿದ್ದೇನೆ. ನಾನು ಕಂಡುಕೊಂಡದ್ದೇನೆಂದರೆ, ಈ ಕಾಯಿಲೆಯಲ್ಲಿ ಬೇಕಾಗುವ ಆಸರೆಯನ್ನೆಲ್ಲ ಒಬ್ಬರೇ ಕೊಡಲಾರರು; ಯಾರಿಂದ ಏನು ಬೇಕು ಎಂದು ವಿಂಗಡಿಸಿಕೊಂಡು ಕೇಳಿದಾಗ ಅದು ಸಿಗುತ್ತದೆ.

ಶಸ್ತ್ರಚಿಕಿತ್ಸೆಗಿಂತಲೂ ನನಗೆ ಕಷ್ಟವೆನಿಸಿದ್ದು ನೀವು ಈಗ ಇರುವ ಅವಧಿ. ಕಾಯಿಲೆಯ ಹೆಸರು ತಿಳಿದಿರುತ್ತದೆ, ಅದು ಎಷ್ಟು ಹರಡಿದೆ ಎನ್ನುವುದು ತಿಳಿದಿರುವುದಿಲ್ಲ. ಆ ನಡುವಿನ ಜಾಗವನ್ನೆಲ್ಲ ಮನಸ್ಸು ಅತಿ ಕೆಟ್ಟ ಊಹೆಗಳಿಂದ ತುಂಬಿಸುತ್ತದೆ. ಹಂತ ಗೊತ್ತಾಗುವ ಮೊದಲು ಇಂಟರ್ನೆಟ್ಟಿನಲ್ಲಿ ಬದುಕುಳಿಯುವ ಪ್ರಮಾಣಗಳನ್ನು ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ. ಆ ಅಂಕಿಗಳು ಹಲವು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರಿಂದ ಬಂದವು, ಮೊದಲ ಹಂತಕ್ಕೂ ನಾಲ್ಕನೇ ಹಂತಕ್ಕೂ ಅಜಗಜಾಂತರವಿದೆ, ನೀವು ಯಾವ ಸಾಲಿಗೆ ಸೇರುತ್ತೀರಿ ಎನ್ನುವುದು ಇನ್ನೂ ನಿಮ್ಮ ವೈದ್ಯರಿಗೇ ತಿಳಿದಿಲ್ಲ. ಸ್ಕ್ಯಾನ್ ಕೂಡ ಒಂದು ಅಂದಾಜನ್ನಷ್ಟೇ ಕೊಡುತ್ತದೆ; ಶಸ್ತ್ರಚಿಕಿತ್ಸೆ ಆಗುವುದಾದರೆ, ತೆಗೆದ ಕರುಳಿನ ಜೊತೆಗಿರುವ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್), ಸಾಮಾನ್ಯವಾಗಿ ಕನಿಷ್ಠ 12 ಗ್ರಂಥಿಗಳನ್ನು, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಹಂತ ಪೂರ್ತಿಯಾಗಿ ನಿಶ್ಚಯವಾಗುತ್ತದೆ. ದಿನ ಕಳೆದಂತೆಲ್ಲ ಕಾಯಿಲೆ ಕೈಮೀರುತ್ತಿದೆ ಎಂಬ ಭಯವೂ ನಿಮಗಿರಬಹುದು. ಈ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ, ಕರುಳಿನ ಒಳಗೋಡೆಯ ಸಣ್ಣ ಗಂಟಾಗಿ ಹುಟ್ಟಿ, ಹತ್ತು ವರ್ಷದಷ್ಟು ದೀರ್ಘಕಾಲ ತೆಗೆದುಕೊಂಡು ಬೆಳೆಯುವಂಥದ್ದು; ಸರಿಯಾದ ಪರೀಕ್ಷೆಗಳಿಗಾಗಿ ಹೋಗುವ ಕೆಲವು ದಿನಗಳು ವ್ಯರ್ಥವಲ್ಲ. ಆದರೆ ಹೊಟ್ಟೆ ಉಬ್ಬರಿಸಿ ತೀವ್ರ ನೋವು ಬಂದರೆ, ವಾಂತಿಯೊಡನೆ ಮಲ ಮತ್ತು ಗಾಳಿ ಎರಡೂ ನಿಂತುಹೋದರೆ, ಇಲ್ಲವೇ ರಕ್ತಸ್ರಾವ ಹೆಚ್ಚಾದರೆ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ವೈದ್ಯರ ಭೇಟಿಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಬರೆದುಕೊಳ್ಳುವ ಕೆಲಸವನ್ನು ಅವರಿಗೇ ಬಿಡಿ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನ ಮಾತುಗಳು ರೋಗಿಯ ತಲೆಯಲ್ಲಿ ನಿಲ್ಲುವುದಿಲ್ಲ. ಗಡ್ಡೆ ಕೊಲೊನ್ ಎಂಬ ದೊಡ್ಡ ಕರುಳಿನ ಉದ್ದನೆಯ ಭಾಗದಲ್ಲಿದೆಯೋ ಗುದನಾಳದಲ್ಲಿದೆಯೋ ಎಂದು ಮೊದಲು ಕೇಳಿ, ಏಕೆಂದರೆ ಕೊಲೊನ್‌ನಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮೊದಲು, ಗುದನಾಳದಲ್ಲಾದರೆ ಅನೇಕರಿಗೆ ಅದಕ್ಕಿಂತ ಮುಂಚೆ ವಿಕಿರಣ ಚಿಕಿತ್ಸೆ ಅಥವಾ ಕೀಮೋ ಬೇಕಾಗುತ್ತದೆ. ಬಯಾಪ್ಸಿಯ ಮಾದರಿಯಲ್ಲಿ ಎಂ.ಎಂ.ಆರ್. ಅಥವಾ ಎಂ.ಎಸ್.ಐ. ಪರೀಕ್ಷೆ ಮಾಡಿದ್ದಾರೆಯೇ ಎನ್ನುವುದನ್ನೂ ಕೇಳಲೇಬೇಕು. ಡಿ.ಎನ್.ಎ. ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳನ್ನು ಈ ಪರೀಕ್ಷೆ ಗುರುತಿಸುತ್ತದೆ. ಅಂಥ ಗಡ್ಡೆಗಳು ಕೆಲವರಲ್ಲಿ ಮಾತ್ರ ಇರುತ್ತವೆಯಾದರೂ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೋಥೆರಪಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಗುದನಾಳದಲ್ಲಿ ಇಂಥ ಗಡ್ಡೆಯಿದ್ದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಡೊಸ್ಟಾರ್ಲಿಮಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಪೂರ್ತಿ ಪಡೆದ 12 ಮಂದಿಯಲ್ಲಿ ಎಲ್ಲರ ಗಡ್ಡೆಯೂ ಕಾಣದಂತಾಗಿತ್ತು. ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆಯ ಸುಳಿವೂ ಇದೇ ಪರೀಕ್ಷೆಯಿಂದ ಸಿಗುವುದರಿಂದ ನಿಮ್ಮ ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಮುಖ್ಯ. ಮುಂದೆ ಮಕ್ಕಳಾಗಬೇಕೆಂಬ ಆಸೆಯಿದ್ದರೆ ಅದನ್ನು ಚಿಕಿತ್ಸೆ ಶುರುವಾಗುವ ಮುನ್ನವೇ ಹೇಳಿ.

ಚೀಲದ ಬಗ್ಗೆ ನೀವು ಕೇಳಿಲ್ಲ, ಆದರೆ ಬಹುತೇಕರ ಮನಸ್ಸಿನಲ್ಲಿರುವ ಭಯ ಅದೇ. ಸ್ಟೋಮಾ, ಅಂದರೆ ಮಲ ಚೀಲಕ್ಕೆ ಬರುವಂತೆ ಕರುಳನ್ನು ಹೊಟ್ಟೆಯ ಮೇಲೆ ತಂದು ಮಾಡುವ ದ್ವಾರ, ಎಲ್ಲರಿಗೂ ಬೇಕಾಗುವುದಿಲ್ಲ, ಬೇಕಾದವರಲ್ಲೂ ಅನೇಕರಿಗೆ ಅದು ತಾತ್ಕಾಲಿಕ. ನನಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಸ್ಟೋಮಾ ನರ್ಸ್ ಒಬ್ಬರು ಬಂದು, ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಪ್ಯಾಂಟಿನ ಸೊಂಟಪಟ್ಟಿ ಎಲ್ಲಿ ಬರುತ್ತದೆ, ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದು ನೋಡಿ, ನನ್ನ ಕಣ್ಣಿಗೆ ಸುಲಭವಾಗಿ ಕಾಣುವ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿದರು. ಅಷ್ಟು ದಿನ ನನ್ನ ಮೇಲೆ ಏನೇನೋ ನಡೆಯುತ್ತಿದೆ ಎನಿಸುತ್ತಿತ್ತು. ಮುಂದಿನ ದಿನಗಳನ್ನು ನಾನು ಹೇಗೆ ಕಳೆಯುತ್ತೇನೆ ಎಂದು ಯೋಚಿಸುವವರೊಬ್ಬರು ಇದ್ದಾರೆ ಎಂದು ಮೊದಲ ಬಾರಿಗೆ ಅನಿಸಿದ್ದು ಆಗಲೇ. ಸ್ಟೋಮಾ ಬಾಯಿಯ ಒಳಗೋಡೆಯಂತೆ ಕೆಂಪಗೆ, ತೇವವಾಗಿ ಇರುತ್ತದೆ, ಮುಟ್ಟಿದರೆ ನೋಯುವುದಿಲ್ಲ. ಮೊದಲ ಸಲ ಚೀಲ ಬದಲಿಸುವಾಗ ಕೈ ನಡುಗಿತು, ಕೆಲವು ವಾರಗಳಲ್ಲಿ ಅದು ಹಲ್ಲುಜ್ಜುವಷ್ಟೇ ಸಹಜವಾಯಿತು. ನಿಮಗೂ ಇದರ ಸಾಧ್ಯತೆ ಇದ್ದರೆ, ಜಾಗ ಗುರುತಿಸುವುದನ್ನು ಶಸ್ತ್ರಚಿಕಿತ್ಸೆಯ ಮೊದಲೇ ಮಾಡಿ ಎಂದು ಒತ್ತಾಯಿಸಿ ಕೇಳಿ.

ಇನ್ನು ಯಾರಿಗೆ ಹೇಳಬೇಕು ಎನ್ನುವ ವಿಚಾರ. ಇಡೀ ಭಾರವನ್ನು ನಿಮ್ಮ ಸಂಗಾತಿಯೊಬ್ಬರೇ ಹೊತ್ತಿದ್ದಾರೆ, ಅವರಿಗೂ ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರು ಬೇಕು. ಆದ್ದರಿಂದ ಇನ್ನೊಬ್ಬ ನಂಬಿಗಸ್ತರಿಗಾದರೂ ಈ ವಾರವೇ ತಿಳಿಸಿ. ಬಂಧುಬಳಗಕ್ಕೆ ಸುದ್ದಿ ಮುಟ್ಟಿಸುವ ಕೆಲಸವನ್ನು ಅವರಿಗೇ ವಹಿಸಿದರೆ ಒಂದೇ ವಿಷಯವನ್ನು ಹತ್ತಾರು ಸಲ ಹೇಳುವ ದಣಿವು ನಿಮಗೆ ತಪ್ಪುತ್ತದೆ. ಏನಾದರೂ ಬೇಕಿದ್ದರೆ ಹೇಳಿ ಎನ್ನುವವರಿಗೆ ಸ್ಪಷ್ಟವಾದ ಕೆಲಸವನ್ನೇ ಕೊಡಿ: ಇಂಥ ದಿನ ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಇಂಥ ದಿನ ಆಸ್ಪತ್ರೆಗೆ ಜೊತೆಗೆ ಬನ್ನಿ. ಅವರಿಗೂ ಅದರಿಂದ ಸಮಾಧಾನವಾಗುತ್ತದೆ. ಯಾರೋ ಹೇಳಿದ ಕಷಾಯ, ಪುಡಿಗಳಲ್ಲಿ ಕೆಲವು ಕೀಮೋ ಔಷಧಿಯೊಡನೆ ಹೊಂದುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳದೆ ಯಾವುದನ್ನೂ ತೆಗೆದುಕೊಳ್ಳಬೇಡಿ. ಮಕ್ಕಳಿಗೆ ಕಾಯಿಲೆಯ ಹೆಸರನ್ನು ಹೇಳಿಯೇ ತಿಳಿಸಿ. ಇದು ಅಂಟುವುದಿಲ್ಲ, ಅವರು ಮಾಡಿದ ಯಾವುದರಿಂದಲೂ ಬಂದದ್ದಲ್ಲ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವ ಮೂರು ಸಂಗತಿಗಳು ಅವರಿಗೆ ಸ್ಪಷ್ಟವಾಗಬೇಕು. ಮುಚ್ಚಿಟ್ಟರೆ ಮನೆಯ ಮೌನದಿಂದಲೇ ಅವರು ಇನ್ನೂ ಭಯಂಕರವಾದದ್ದನ್ನು ಊಹಿಸಿಕೊಳ್ಳುತ್ತಾರೆ.

ಮನೆಯವರು ಎಷ್ಟೇ ಪ್ರೀತಿಸಿದರೂ ಅವರಿಂದ ಸಿಗದ ಒಂದು ಆಸರೆ, ನಿಮಗಿಂತ ಆರೇಳು ತಿಂಗಳು ಮುಂದಿರುವ ಇನ್ನೊಬ್ಬ ರೋಗಿಯಿಂದ ಸಿಗುತ್ತದೆ. ಅಂಥವರನ್ನು ಪರಿಚಯಿಸಿ ಎಂದು ನಿಮ್ಮ ಆಸ್ಪತ್ರೆಯ ಕ್ಯಾನ್ಸರ್ ನರ್ಸ್ ಅಥವಾ ಸಮಾಜ ಕಾರ್ಯಕರ್ತರನ್ನು ಕೇಳಿ, ರೋಗಿಗಳ ಬೆಂಬಲ ಗುಂಪು ಇದೆಯೇ ಎಂದು ವಿಚಾರಿಸಿ. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟ ಮೇಲೆ ಕೆಲವು ದಿನ ಫ್ರಿಜ್ಜಿನಿಂದ ತೆಗೆದ ಪಾತ್ರೆ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ, ತಣ್ಣೀರು ಗಂಟಲಲ್ಲಿ ಚುಚ್ಚುತ್ತದೆ, ಕೈಗವಸು ಹಾಕಿಕೊಂಡೇ ಫ್ರಿಜ್ ತೆರೆಯಿರಿ ಎಂದು ನನಗೆ ಹೇಳಿಕೊಟ್ಟವರು ಅಂಥ ಒಬ್ಬ ಮಹಿಳೆ. ಬೆರಳಿನ ಜೋಮು ಮುಂದಿನ ಸರದಿಯವರೆಗೂ ಉಳಿದರೆ ಸಹಿಸಿಕೊಂಡು ಸುಮ್ಮನಿರಬೇಡಿ, ವೈದ್ಯರು ಔಷಧಿಯ ಪ್ರಮಾಣ ಇಳಿಸಬಲ್ಲರು ಎಂದವರೂ ಅವರೇ. ಉಪಶಾಮಕ ಆರೈಕೆಯ ತಂಡವನ್ನು ಕಾಣಿ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಅದು ಕೊನೆಗಾಲಕ್ಕಷ್ಟೇ ಮೀಸಲಾದದ್ದಲ್ಲ. ನೋವು, ವಾಕರಿಕೆ, ಆತಂಕಗಳಿಗೆ ಯಾವ ಹಂತದಲ್ಲೂ ಅವರ ನೆರವು ಪಡೆಯಬಹುದು.

ನಿದ್ದೆಯ ವಿಷಯವನ್ನು ಸಣ್ಣದೆಂದು ಬಿಡದೆ ವೈದ್ಯರಿಗೆ ತಿಳಿಸಿ. ಆಪ್ತಸಮಾಲೋಚಕರ ಭೇಟಿಯೂ ಚಿಕಿತ್ಸೆಯ ಭಾಗವೇ. ಬದುಕೇ ಬೇಡ ಎನ್ನುವ ಯೋಚನೆ ಸುಳಿದರೆ ಅದೇ ದಿನ, ಅದೇ ಹೊತ್ತಿನಲ್ಲಿ ಯಾರಿಗಾದರೂ ಹೇಳಿ. ದೇಹ ಒಪ್ಪುವಷ್ಟು ದಿನವೂ ನಡೆಯಿರಿ, ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳಲು ಅದು ಸಹಾಯ ಮಾಡುತ್ತದೆ. ಸ್ಕ್ಯಾನ್ ವರದಿ ಬಂದ ಮೇಲೆ, ಮನಸ್ಸಾದರೆ, ಗಡ್ಡೆ ಎಲ್ಲಿದೆ, ವೈದ್ಯರು ಯಾವ ಚಿಕಿತ್ಸೆಯನ್ನು ಮೊದಲು ಸೂಚಿಸಿದ್ದಾರೆ ಎಂದು ಇಲ್ಲಿಯೇ ಬರೆಯಿರಿ. ಆ ಘಟ್ಟವನ್ನು ನಾನು ಹಾದುಬಂದಿದ್ದರೆ ಅಲ್ಲಿ ಏನೇನಾಯಿತು ಎಂದು ವಿವರವಾಗಿ ತಿಳಿಸುತ್ತೇನೆ.