ಚಾರಣಕ್ಕೆ ಹಗುರವಾದ ಹಾಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಾಸನದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಕಳೆದ ಜನವರಿಯಲ್ಲಿ ಮೂಡಿಗೆರೆ ಸಮೀಪದ ತೋಟವೊಂದರಲ್ಲಿ, ಮಾಲೀಕರನ್ನು ಕೇಳಿಕೊಂಡು, ಕಾಫಿ ಕಣದ ಮೇಲೆ ಗೆಳತಿಯರೊಡನೆ ಟೆಂಟ್ ಹಾಕಿ ಮಲಗಿದ್ದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದ್ದರೂ ಬೆನ್ನಿಗೆ ಚಳಿ ಹತ್ತಿ ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಕೆಳಗೆ ಹಾಸಿದ್ದುದು ಮನೆಯ ಯೋಗ ಮ್ಯಾಟ್. ಈಗ ಹಗುರವಾದ ಫೋಮ್ ಮ್ಯಾಟ್ ಕೊಳ್ಳಬೇಕೆಂದಿದ್ದೇನೆ. ಗಾಳಿ ತುಂಬುವುದೇ ಮೇಲೆಂದು ಕೆಲವರು ಹೇಳುತ್ತಾರೆ. ನಾನು ಮಗ್ಗುಲಾಗಿ ಮಲಗುವವಳು. ಮುಂದೆ ಹಿಮಾಲಯದ ಚಾರಣಕ್ಕೂ ಹೋಗುವ ಆಸೆಯಿದೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ನಿದ್ದೆ ಕೆಡಿಸಿದ್ದು ನೆಲದ ತಂಪು. ಸ್ಲೀಪಿಂಗ್ ಬ್ಯಾಗಿನ ಒಳಗಿನ ಹತ್ತಿಯಂಥ ತುಂಬು ಉಬ್ಬಿಕೊಂಡು ಗಾಳಿಯನ್ನು ಹಿಡಿದಿಟ್ಟಾಗಲಷ್ಟೇ ಬೆಚ್ಚಗಿಡುತ್ತದೆ. ಮೈಭಾರಕ್ಕೆ ಸಿಕ್ಕಿ ಅದು ಅಪ್ಪಚ್ಚಿಯಾದ ಕಡೆ, ಅಂದರೆ ಬೆನ್ನು ಮತ್ತು ಸೊಂಟದ ಕೆಳಗೆ, ಇದ್ದೂ ಇಲ್ಲದಂತೆ. ಅಲ್ಲಿ ಮೈಯ ಕಾವನ್ನು ನೆಲ ಎಳೆದುಕೊಳ್ಳದಂತೆ ತಡೆಯುವುದು ಕೆಳಗಿನ ಹಾಸಿನ ಕೆಲಸ. ಯೋಗ ಮ್ಯಾಟ್ 4ರಿಂದ 6 ಮಿಲಿಮೀಟರ್ ದಪ್ಪವಿರುತ್ತದೆ. ಕಾಲು ಊರಿ ನಿಲ್ಲಲೆಂದು ಅದನ್ನು ಒತ್ತಾಗಿ ಮಾಡಿರುವುದರಿಂದ, ಪಿವಿಸಿಯದಾದರೆ ಒಂದು ಕಿಲೋದ ಆಸುಪಾಸು ತೂಗುತ್ತದೆ, ಆದರೆ ಕಾವನ್ನು ಹೆಚ್ಚೇನೂ ತಡೆಯುವುದಿಲ್ಲ.

ಚಾರಣಕ್ಕೆ ಬೇಕಾದುದು ಮುಚ್ಚಿದ ಕೋಶಗಳ ಫೋಮ್. ಪಾತ್ರೆ ತಿಕ್ಕುವ ಸ್ಪಂಜು ನೀರು ಕುಡಿಯುತ್ತದೆ, ಹವಾಯಿ ಚಪ್ಪಲಿಯ ಅಟ್ಟೆ ಕುಡಿಯುವುದಿಲ್ಲ, ವ್ಯತ್ಯಾಸ ಇಷ್ಟೇ. ಎರಡನೆಯದರಲ್ಲಿ ಒಂದೊಂದು ಗುಳ್ಳೆಯೂ ತನ್ನ ಗಾಳಿಯೊಡನೆ ಮುಚ್ಚಿಕೊಂಡಿರುತ್ತದೆ. ಟೆಂಟಿನ ಅಡಿಯಿಂದ ತೇವ ಏರುವ ನಮ್ಮ ಮಲೆನಾಡಿನಲ್ಲಿ ಈ ಗುಣ ಬಹಳ ದೊಡ್ಡದು, ಏಕೆಂದರೆ ಬೆಳಿಗ್ಗೆ ಟವಲಿನಿಂದ ಒಮ್ಮೆ ಒರೆಸಿ ಬ್ಯಾಗಿಗೆ ಕಟ್ಟಿಕೊಂಡರೆ ಸಾಕು, ಒಣಗಿಸುತ್ತ ಕೂರಬೇಕಿಲ್ಲ.

ಕಾವು ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಿದಷ್ಟೂ ಹಾಸು ಬೆಚ್ಚಗೆ. ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಮ್ ಎಫ್3340 ಎಂಬ ಮಾನದಂಡ ಬಂದ ಮೇಲೆ, ಅದರಂತೆ ಪರೀಕ್ಷಿಸಿದ ಹಾಸುಗಳನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾಗಿದೆ. ಅಂಕಿಯನ್ನೇ ಹೇಳದ ಮ್ಯಾಟ್‌ಗಳು ಅಂಗಡಿಗಳಲ್ಲಿ ಬೇಕಾದಷ್ಟಿವೆ. ಅವುಗಳ ದಪ್ಪವೊಂದನ್ನೇ ನೋಡಿ ಮರುಳಾಗಬೇಡಿ. ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಬಿಡಿ, ಗುಳಿ ಕೂಡಲೇ ಎದ್ದರೆ ಒಳ್ಳೆಯ ಫೋಮ್, ಹಾಗೆಯೇ ಉಳಿದರೆ ಕೆಲವೇ ರಾತ್ರಿಗಳಲ್ಲಿ ಚಪ್ಪಟೆಯಾಗುವ ಫೋಮ್.

ಉದಾಹರಣೆಗೆ, ಥರ್ಮ್-ಎ-ರೆಸ್ಟ್ ಕಂಪನಿಯ ಝೀ ಲೈಟ್ ಸೋಲ್ ಎಂಬ ಮಡಚುವ ಹಾಸು 183 ಸೆಂಟಿಮೀಟರ್ ಉದ್ದ, 51 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ. ತೂಕ ಸುಮಾರು 410 ಗ್ರಾಂ, ಆರ್-ವ್ಯಾಲ್ಯೂ 2. ಅದನ್ನೇ ಕೊಳ್ಳಬೇಕೆಂದಿಲ್ಲ, ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಾಬಾಬುಡನ್‌ಗಿರಿಯ ತಪ್ಪಲಾಗಲಿ ಸಕಲೇಶಪುರದ ಕಡೆಯ ತೋಟಗಳಾಗಲಿ, ನಮ್ಮ ಚಳಿಗಾಲದ ರಾತ್ರಿಗೆ ಇಷ್ಟು ಸಾಕೆಂಬುದು ನನ್ನ ಅನುಭವ. ತೂಕ ಇನ್ನೂ ಇಳಿಸಬೇಕಿದ್ದರೆ ಭುಜದಿಂದ ಮೊಣಕಾಲಿನವರೆಗೆ, ಸುಮಾರು 120 ಸೆಂಟಿಮೀಟರಿಗೆ ಕತ್ತರಿಸಿ, ಖಾಲಿ ಬ್ಯಾಗನ್ನು ಕಾಲಡಿಗೆ ಇಟ್ಟುಕೊಳ್ಳಬಹುದು. ಆಗ 410 ಗ್ರಾಮಿನದು 270 ಗ್ರಾಮಿಗೆ ಇಳಿಯುತ್ತದೆ.

ಗಾಳಿ ಹಾಸು ಮೆತ್ತಗಿರುತ್ತದೆ, ಸುತ್ತಿದರೆ ನೀರಿನ ಬಾಟಲಿಯಷ್ಟಾಗುತ್ತದೆ, ಒಳ್ಳೆಯವು ಫೋಮಿಗಿಂತ ಬೆಚ್ಚಗೂ ಇರುತ್ತವೆ. ಆದರೆ ಲಾಂಟಾನದ ಒಂದು ಮುಳ್ಳು ಸಾಕು. ಸಕಲೇಶಪುರದ ಬಳಿ ಒಮ್ಮೆ ನಡುರಾತ್ರಿ ಎಚ್ಚರವಾದಾಗ ನನ್ನ ಸೊಂಟ ನೆಲಕ್ಕೆ ತಾಗಿತ್ತು, ತೂತು ಎಲ್ಲಿದೆಯೆಂದು ಟಾರ್ಚ್ ಹಿಡಿದು ಕೆನ್ನೆಯನ್ನು ಹಾಸಿಗೆ ಒತ್ತಿ ಗಾಳಿಯ ಸದ್ದು ಹುಡುಕುವುದರಲ್ಲೇ ಬೆಳಗಾಯಿತು. ಫೋಮಿಗೆ ಮುಳ್ಳು ಚುಚ್ಚಿದರೆ ಕಿತ್ತು ಬಿಸಾಡಿ ಮಲಗಬಹುದು.

ಮಗ್ಗುಲಾಗಿ ಮಲಗುವವರಿಗೆ 2 ಸೆಂಟಿಮೀಟರ್ ಫೋಮ್ ಸುಖವಲ್ಲವೆಂಬುದನ್ನು ಮುಚ್ಚಿಡಲಾರೆ. ಸೊಂಟದ ಮೂಳೆ ಅದನ್ನು ಒತ್ತಿಕೊಂಡು ನೆಲ ಮುಟ್ಟುತ್ತದೆ. ಗಟ್ಟಿ ಕಣವನ್ನು ಬಿಟ್ಟು ಮಣ್ಣಿನ ನೆಲವನ್ನು ಆರಿಸಿ. ಟೆಂಟ್ ಹಾಕುವ ಮುನ್ನ ಸೊಂಟ ಬರುವ ಕಡೆ ಒಣ ತರಗೆಲೆ ಹರಡಿದರೆ ಬಹಳಷ್ಟು ಹಿತವೆನಿಸುತ್ತದೆ. ಹೊಸ ಮ್ಯಾಟ್ ತಂದ ಮೇಲೆ ಒಂದು ರಾತ್ರಿ ಮನೆಯ ನೆಲದ ಮೇಲೆ ಅದನ್ನೇ ಹಾಸಿ ಮಲಗಿ ನೋಡಿ. ಎರಡು ಗಂಟೆಗೆ ಎದ್ದು ಮಂಚ ಹತ್ತಿದರೆ, ನಿಮಗೆ ಗಾಳಿ ಹಾಸೇ ಸರಿ, ಮುಳ್ಳಿನ ಎಚ್ಚರಿಕೆಯೊಡನೆ.

ಹಿಮಾಲಯದ ಮಾತು ಬೇರೆ. ಹಿಮದ ಮೇಲೆ ಮಲಗಲು ಆರ್-ವ್ಯಾಲ್ಯೂ 4 ಅಥವಾ 5 ಬೇಕು. ಈ ಅಂಕಿಗಳು ಕೂಡುತ್ತವೆ: 2ರ ಫೋಮಿನ ಮೇಲೆ 3ರ ಗಾಳಿ ಹಾಸು ಹಾಕಿದರೆ 5 ಆಗುತ್ತದೆ, ಗಾಳಿ ಹಾಸು ತೂತಾದರೂ ಕೆಳಗೆ ಫೋಮ್ ಇರುತ್ತದೆ. ಆದ್ದರಿಂದ ಈಗ ಕೊಳ್ಳುವ ಫೋಮ್ ಆಗ ವ್ಯರ್ಥವಾಗುವುದಿಲ್ಲ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಅದನ್ನು ಇಡಬೇಡಿ; ಬಿಸಿಗೆ ಫೋಮ್ ಮುರುಟುತ್ತದೆ. ಬಿಗಿಯಾಗಿ ಕಟ್ಟದೆ, ಮಂಚದ ಕೆಳಗೆ ಬಿಚ್ಚಿಡಿ.

ಪ್ರಶ್ನೆ: ಚಿಕ್ಕಮಗಳೂರಿನ ವಿದ್ಯಾರ್ಥಿ ನಾನು. ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿಯ ತೆಳು ಫೋಮ್ ಹಾಳೆಯನ್ನೇ ಎರಡು ಪದರ ಮಾಡಿ ಬಳಸಬಹುದೇ?

ಉತ್ತರ: ಒಂದೆರಡು ರಾತ್ರಿಗೆ ಖಂಡಿತ ಬಳಸಬಹುದು. ಅದೂ ಮುಚ್ಚಿದ ಕೋಶದ್ದೇ, ನೀರು ಕುಡಿಯುವುದಿಲ್ಲ, ತೂಕವೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಗುಳ್ಳೆಗಳು ದೊಡ್ಡವು, ಗೋಡೆಗಳು ತೆಳು. ಮೈಭಾರಕ್ಕೆ ಒಡೆದು ಬೇಗ ಕಾಗದದಂತಾಗುತ್ತವೆ. ಹಣ ಕೂಡುವವರೆಗೆ ಎರಡರ ಬದಲು ನಾಲ್ಕು ಪದರ ಹಾಕಿ, ಬೆನ್ನು ಸೊಂಟ ಬರುವ ಕಡೆ ಒಂದು ಕಂಬಳಿಯನ್ನು ಮಡಚಿ ಇಟ್ಟುಕೊಳ್ಳಿ. ಒಳ್ಳೆಯ ಮ್ಯಾಟ್ ಬಂದ ಮೇಲೆ ಆ ಹಾಳೆಯನ್ನು ಟೆಂಟಿನ ಬಾಗಿಲಲ್ಲಿ ಕೂರಲು ಇಟ್ಟುಕೊಳ್ಳಬಹುದು.